ಬೆಂಗಳೂರಿನ ಬಿಯರ್, ನಂದಿ ತಪ್ಪಲಿನ ವೈನ್, ಕೆಂಗೇರಿ ಕಡೆಯ ಸಿಂಗಲ್ ಮಾಲ್ಟ್: ಆರಿಸುವ, ಸವಿಯುವ, ಉಡುಗೊರೆ ಕೊಡುವ ಸಮಗ್ರ ಮಾರ್ಗದರ್ಶಿ

ನಂದಿ ಬೆಟ್ಟದ ತಪ್ಪಲಲ್ಲಿ ಒಳ್ಳೆಯ ವೈನ್ ಆಗುತ್ತದೆ. ಕೆಂಗೇರಿ ಹತ್ತಿರದ ಕಂಬೀಪುರದಲ್ಲಿ ಜಗತ್ತು ಮೆಚ್ಚಿದ ಸಿಂಗಲ್ ಮಾಲ್ಟ್ ವಿಸ್ಕಿ ಆಗುತ್ತದೆ. ಇಂದಿರಾನಗರದಲ್ಲಿ ನೀವು ಕೂತ ಪಬ್ಬಿನೊಳಗೇ ಬಿಯರ್ ತಯಾರಾಗುತ್ತದೆ. ಇಷ್ಟೆಲ್ಲ ಪಕ್ಕದಲ್ಲೇ ಇದ್ದರೂ ಅಂಗಡಿ ಮುಂದೆ ನಿಂತಾಗ ಹೆಚ್ಚಿನವರು ಬೆಲೆ ನೋಡಿ ಆರಿಸುತ್ತಾರೆ, ಇಲ್ಲ ಅಂದ್ರೆ ವಿದೇಶಿ ಹೆಸರು ನೋಡಿ.

ನಾನು ಬೇರೆಯೇ ಒಂದು ಅಳತೆಗೋಲು ಕೊಡುತ್ತೇನೆ. ಬಾಟಲಿ ಎಲ್ಲಿ ಹುಟ್ಟಿತು, ನಿಮ್ಮ ಕೈಗೆ ಬರುವ ತನಕ ಎಷ್ಟು ಬಿಸಿ ತಿಂದಿತು ಅನ್ನುವುದನ್ನು ನೋಡಿ. ನಮ್ಮದು ಬಿಸಿಲಿನ ನಾಡು. ವೈನ್, ಬಿಯರ್, ವಿಸ್ಕಿ ಮೂರರ ಒಳಿತು ಕೆಡುಕನ್ನೂ ಇಲ್ಲಿ ನಿರ್ಧರಿಸುವುದು ಬಿಸಿಯೇ. ತಂಪು ದೇಶದವರು ಬರೆದ ಸಲಹೆಗಳು ನಮಗೆ ಅರ್ಧಂಬರ್ಧ ಹೊಂದುವುದು ಇದಕ್ಕೇ.

ಇದು 21 ತುಂಬಿದವರಿಗಾಗಿ ಬರೆದದ್ದು. ಕರ್ನಾಟಕದಲ್ಲಿ ಅದಕ್ಕಿಂತ ಚಿಕ್ಕವರಿಗೆ ಅಂಗಡಿಯವರು ಮಾರುವಂತಿಲ್ಲ. ಕುಡಿಯದೇ ಇರುವವರು ಇದನ್ನು ಓದಿ ಕುಡಿಯಲು ಶುರು ಮಾಡಬೇಕಿಲ್ಲ. ಗರ್ಭಿಣಿಯರು, ಲಿವರ್ ತೊಂದರೆ ಇರುವವರು, ಔಷಧಿ ತೆಗೆದುಕೊಳ್ಳುತ್ತಿರುವವರು ಡಾಕ್ಟರ್ ಮಾತು ಮೀರಬಾರದು.

ಮೊದಲ ಹೆಜ್ಜೆ: ಅಳತೆ ಅರ್ಥ ಮಾಡಿಕೊಳ್ಳಿ

ಅಂಗಡಿಯ ಭಾಷೆ ಸುಲಭ. ನೈಂಟಿ ಅಂದರೆ 90 ಎಂಎಲ್, ಕ್ವಾರ್ಟರ್ ಅಂದರೆ 180, ಹಾಫ್ ಅಂದರೆ 375, ಫುಲ್ ಅಂದರೆ 750. ಬಾರಿನಲ್ಲಿ ಸಣ್ಣ ಪೆಗ್ 30 ಎಂಎಲ್, ದೊಡ್ಡದು 60. ಬಿಯರ್ ಪಿಂಟ್ 330, ದೊಡ್ಡ ಬಾಟಲಿ 650.

ಲೇಬಲ್ ಮೇಲಿನ ಶೇಕಡಾವಾರು ಸಂಖ್ಯೆ ಇದಕ್ಕಿಂತ ಮುಖ್ಯ. ನಮ್ಮ ವಿಸ್ಕಿ, ರಮ್, ಬ್ರಾಂದಿ ಬಾಟಲಿಗಳಲ್ಲಿ ಸಾಮಾನ್ಯವಾಗಿ ಶೇ. 42.8 ಅಂತ ಇರುತ್ತದೆ. ಬ್ರಿಟಿಷರ ಕಾಲದ 75 ಡಿಗ್ರಿ ಪ್ರೂಫ್ ಅನ್ನುವ ಲೆಕ್ಕವೇ ಇದು. ಈಗ ಕೂಡಿಸಿ ನೋಡಿ. 30 ಎಂಎಲ್ ವಿಸ್ಕಿಯಲ್ಲಿ ಸುಮಾರು 13 ಎಂಎಲ್ ಶುದ್ಧ ಆಲ್ಕೋಹಾಲ್ ಇರುತ್ತದೆ. ಶೇ. 13ರ ವೈನ್ 150 ಎಂಎಲ್ ಗ್ಲಾಸಿನಲ್ಲಿ ಸುಮಾರು 20 ಎಂಎಲ್. ಶೇ. 7.5ರ ಸ್ಟ್ರಾಂಗ್ ಬಿಯರ್ ದೊಡ್ಡ ಬಾಟಲಿಯಲ್ಲಿ ಸುಮಾರು 49 ಎಂಎಲ್. ಅಂದರೆ ‘ಬರೀ ಬಿಯರ್ ತಾನೇ’ ಅನ್ನುವ ಆ ಒಂದು ಬಾಟಲಿ ನಾಲ್ಕು ಸಣ್ಣ ಪೆಗ್ಗಿಗೆ ಹತ್ತಿರ. ಈ ಲೆಕ್ಕ ತಲೆಯಲ್ಲಿದ್ದರೆ ಅತಿಥಿಗಳಿಗೆ ಬಡಿಸುವಾಗಲೂ ಕೈ ಹಿಡಿತದಲ್ಲಿರುತ್ತದೆ.

ಗಾಡಿ ಓಡಿಸುವವರಿಗೆ ಲೆಕ್ಕವೇ ಬೇಡ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಮೊದಲ ಸಲವೇ 10,000 ರೂಪಾಯಿ ತನಕ ದಂಡ, 6 ತಿಂಗಳ ತನಕ ಜೈಲು, ಅಥವಾ ಎರಡೂ. ಕುಡಿಯುವ ದಿನ ಆಟೋ, ಕ್ಯಾಬ್ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ.

ಎರಡನೇ ಹೆಜ್ಜೆ: ಬ್ರಾಂಡ್‌ಗಿಂತ ಮೊದಲು ಅಂಗಡಿ ಆರಿಸಿ

ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರ ಸರ್ಕಾರದ ಪಾನೀಯ ನಿಗಮದ ಕೈಯಲ್ಲಿದೆ. ಕೆಎಸ್‌ಬಿಸಿಎಲ್ ಅಂತಾರಲ್ಲ, ಅದು. ಚಿಲ್ಲರೆ ಅಂಗಡಿಗಳೆಲ್ಲ ಅಲ್ಲಿಂದಲೇ ತರಬೇಕು. ಹಾಗಾಗಿ ಒಂದು ಅಂಗಡಿಗೂ ಇನ್ನೊಂದಕ್ಕೂ ವ್ಯತ್ಯಾಸ ಇರುವುದು ಸರಕಿನ ಮೂಲದಲ್ಲಲ್ಲ, ಅದನ್ನು ಇಟ್ಟುಕೊಳ್ಳುವ ರೀತಿಯಲ್ಲಿ.

ಒಳಗೆ ಹೋದ ತಕ್ಷಣ ವೈನ್ ಕಪಾಟು ಎಲ್ಲಿದೆ ನೋಡಿ. ಗಾಜಿನ ಬಾಗಿಲ ಪಕ್ಕ, ಮಧ್ಯಾಹ್ನದ ಬಿಸಿಲು ಬೀಳುವ ಕಡೆ ಇದ್ದರೆ ಅಲ್ಲಿ ವೈನ್ ಕೊಳ್ಳಬೇಡಿ. ಟ್ಯೂಬ್‌ಲೈಟ್‌ಗೆ ತೀರ ಹತ್ತಿರ, ಮೇಲಿನ ಅರೆಯಲ್ಲಿ ಧೂಳು ಹಿಡಿದು ನಿಂತ ಬಾಟಲಿಯೂ ಬೇಡ. ಎಸಿ ಇದ್ದು, ವೈನ್ ಬೇಗ ಬೇಗ ಖರ್ಚಾಗುವ ಅಂಗಡಿ ಒಳ್ಳೆಯದು. ಬೆಂಗಳೂರಿನಲ್ಲಿ ಟಾನಿಕ್, ಮಧುಲೋಕದಂಥ ದೊಡ್ಡ ಮಳಿಗೆಗಳಲ್ಲಿ ಆಯ್ಕೆ ಜಾಸ್ತಿ. ಸಣ್ಣ ಊರಲ್ಲಾದರೆ ಎಂಎಸ್‌ಐಎಲ್ ಮಳಿಗೆಯಲ್ಲಿ ಎಂಆರ್‌ಪಿ ದರಕ್ಕೇ ಸಿಗುತ್ತದೆ, ಆಯ್ಕೆ ಕಡಿಮೆ.

ಬಾಟಲಿ ಕೈಗೆ ತಗೊಂಡು ನೋಡಬೇಕಾದ್ದು ಇಷ್ಟು. ಮುಚ್ಚಳದ ಮೇಲೆ ಅಬಕಾರಿ ಇಲಾಖೆಯ ಅಂಟುಚೀಟಿ ಹರಿಯದೆ ಇರಬೇಕು. ಕರ್ನಾಟಕದಲ್ಲಿ ಮಾರಾಟಕ್ಕೆ ಅಂತ ಲೇಬಲ್‌ನಲ್ಲಿ ಇರಬೇಕು. ಸೈನಿಕರಿಗೆ ಮಾತ್ರ ಅಂತ ಬರೆದ ಬಾಟಲಿಯನ್ನು ಯಾರಾದರೂ ಹೊರಗೆ ಮಾರುತ್ತಿದ್ದರೆ ಕೊಳ್ಳಬೇಡಿ. ವೈನ್ ಬಾಟಲಿಯ ಬಿರಡೆ ಮೇಲಕ್ಕೆ ಉಬ್ಬಿದ್ದರೆ, ಕತ್ತಿನ ಹತ್ತಿರ ಅಂಟಂಟಾಗಿ ಸೋರಿದ ಗುರುತಿದ್ದರೆ ಅದು ಬಿಸಿಗೆ ಬೆಂದಿದೆ ಅಂತಲೇ ಲೆಕ್ಕ.

ಲೇಬಲ್ಲೇ ಇಲ್ಲದ ಸರಕಿನ ವಿಷಯದಲ್ಲಿ ನಾನು ಖಡಾಖಂಡಿತ. 1981ರಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಮೆಥನಾಲ್ ಅನ್ನುವ ವಿಷ ಬೆರೆತಿರುವುದು ಬಣ್ಣದಿಂದಾಗಲಿ ವಾಸನೆಯಿಂದಾಗಲಿ ಗೊತ್ತಾಗುವುದಿಲ್ಲ. ಪರಿಚಯದವರು ಕೊಟ್ಟರು, ಕಡಿಮೆಗೆ ಸಿಕ್ಕಿತು ಅನ್ನುವ ಯಾವ ಕಾರಣಕ್ಕೂ ಮೂಲ ಗೊತ್ತಿಲ್ಲದ ಭಟ್ಟಿ ಸರಕು ಮುಟ್ಟಬೇಡಿ.

ಇನ್ನೊಂದು ಎಚ್ಚರಿಕೆ. ದೊಡ್ಡ ಮದ್ಯದಂಗಡಿಗಳ ಹೆಸರಿನಲ್ಲಿ ನಕಲಿ ಫೋನ್ ನಂಬರ್ ಹಾಕಿ, ಮನೆಗೆ ಕಳಿಸ್ತೀವಿ ಅಂತ ಮುಂಗಡ ಕಸಿದುಕೊಳ್ಳುವ ಮೋಸ ಬಹಳ ಕಾಲದಿಂದ ನಡೆಯುತ್ತಿದೆ. ಒಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ. ಅಂಗಡಿಗೆ ಹೋಗಿಯೇ ಕೊಳ್ಳಿ. ಅಕ್ಟೋಬರ್ 2ರಂದು, ಚುನಾವಣೆ ಇದ್ದರೆ ಮತದಾನ ಮುಗಿಯುವ ತನಕದ 48 ಗಂಟೆ ಅಂಗಡಿ ಮುಚ್ಚಿರುತ್ತದೆ. ಪಾರ್ಟಿ ಇಟ್ಟುಕೊಂಡವರು ಕ್ಯಾಲೆಂಡರ್ ನೋಡಿ.

ಮೂರನೇ ಹೆಜ್ಜೆ: ವೈನ್

ದೊಡ್ಡಬಳ್ಳಾಪುರದ ಕಡೆ, ನಂದಿ ತಪ್ಪಲಲ್ಲಿ ಕನ್ವಲ್ ಗ್ರೋವರ್ ಫ್ರೆಂಚ್ ತಳಿಯ ದ್ರಾಕ್ಷಿ ನೆಟ್ಟದ್ದು 1980ರ ದಶಕದಲ್ಲಿ. ಫ್ರಾನ್ಸಿನ ವೈನ್ ತಜ್ಞ ಮಿಶೆಲ್ ರೋಲಾ ಅವರಿಗೆ ಸಲಹೆಗಾರರಾದರು. ಜಾಗ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಹಗಲು ಬಿಸಿಲು, ರಾತ್ರಿ ತಂಪು. ಆ ತಂಪಿನಿಂದಲೇ ಹಣ್ಣಿನ ಹುಳಿ ಉಳಿಯುತ್ತದೆ, ಹುಳಿ ಇಲ್ಲದ ವೈನ್ ಸಪ್ಪೆ. ಯುರೋಪಿನಲ್ಲಿ ಸೆಪ್ಟೆಂಬರ್ ಹೊತ್ತಿಗೆ ಕೊಯ್ಲು. ನಮ್ಮಲ್ಲಿ ಆ ಹೊತ್ತಿಗೆ ಬಳ್ಳಿಗೆ ಚಾಟನಿ ಮಾಡುತ್ತಾರೆ, ಅಂದರೆ ಕೊಂಬೆ ಸವರುತ್ತಾರೆ, ಬಿರುಬೇಸಿಗೆಗೆ ಮುಂಚೆ ಹಣ್ಣು ಕೊಯ್ಯುತ್ತಾರೆ. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದ ಮೇಲೆ ಇನ್ನಷ್ಟು ವೈನರಿಗಳು ಬಂದವು. ಹಂಪಿ ಸೀಮೆಯ ಕೃಷ್ಮಾ ಎಸ್ಟೇಟ್ಸ್ ಅಂಥದ್ದೊಂದು, ಅದರ ಕ್ಯಾಬರ್ನೆ ಸಾವಿನ್ಯೊ ಅನ್ನುವ ಕೆಂಪು ವೈನ್ ಹೆಸರು ಮಾಡಿದೆ.

ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ: ಕೆಂಪು ವೈನಿನಿಂದ ಶುರು ಮಾಡಬೇಡಿ. ಅದರ ಒಗರು ಹೊಸಬರಿಗೆ ಕಷ್ಟ. ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ಅಥವಾ ಗುಲಾಬಿ ಬಣ್ಣದ ರೋಸೆ ತಗೊಳ್ಳಿ. ಶೆನಿನ್‌ನಲ್ಲಿ ಹಲವು ಸಲ ಸ್ವಲ್ಪ ಸಿಹಿ ಇರುತ್ತದೆ, ನಮ್ಮ ಖಾರಕ್ಕೆ ಒಗ್ಗುತ್ತದೆ. ಗ್ರೋವರ್ ಕಟ್ಟಿದ ಕಂಪನಿ ಗ್ರೋವರ್ ಜಂಪಾದ ಆರ್ಟ್ ಕಲೆಕ್ಷನ್‌ನಲ್ಲಿ ಶಿರಾಜ್ ರೋಸೆ, ವಿಯೊನಿಯೆ ಅನ್ನುವ ಬಿಳಿ ವೈನ್ ಎರಡೂ ಒಳ್ಳೆಯ ಆರಂಭ. ಅದು ಹಿಡಿಸಿದ ಮೇಲೆ ಲಾ ರಿಸರ್ವ್‌ನಂಥ ಕೆಂಪಿಗೆ ಹೋಗಿ. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್ ಬೇರೆ ಜಾತಿ. ದ್ರಾಕ್ಷಿ ಜ್ಯೂಸಿನ ಘಾಟು ಪರಿಮಳ ಅದರದ್ದು, ಕ್ರಿಸ್‌ಮಸ್ ಕೇಕಿಗೆ ಚೆನ್ನಾಗಿ ಹೊಂದುತ್ತದೆ.

ಲೇಬಲ್‌ನಲ್ಲಿ ಕೊಯ್ಲಿನ ವರ್ಷ ನೋಡಿ. ವೈನ್ ಹಳೆಯದಾದಷ್ಟೂ ರುಚಿ ಅನ್ನುವುದು ಕೆಲವೇ ವೈನ್‌ಗಳಿಗೆ ಸಲ್ಲುವ ಮಾತು. ನಮ್ಮ ಬಿಳಿ ಮತ್ತು ರೋಸೆ ವೈನನ್ನು ಕೊಯ್ಲಾದ ಎರಡು ವರ್ಷದೊಳಗೆ ಕುಡಿದರೆ ಚೆಂದ. ನಾಲ್ಕು ವರ್ಷ ಹಳೆಯ ಬಿಳಿ ವೈನ್ ರಿಯಾಯಿತಿಯಲ್ಲಿ ಸಿಕ್ಕರೆ ಅದು ಲಾಭವಲ್ಲ.

ಇನ್ನು ಬಡಿಸುವ ವಿಷಯ. ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲಿರಲಿ ಅಂತಾರೆ. ಅದು ಯುರೋಪಿನ ಹಳೆಯ ಕಲ್ಲಿನ ಮನೆಗಳ ಕೋಣೆ, 16ರಿಂದ 18 ಡಿಗ್ರಿ. ನಮ್ಮ ಕೋಣೆ 28 ಡಿಗ್ರಿ. ಆ ಬಿಸಿಯಲ್ಲಿ ಕೆಂಪು ವೈನ್ ಬರೀ ಆಲ್ಕೋಹಾಲ್ ಘಾಟು ಹೊಡೆಯುತ್ತದೆ. ಬಡಿಸುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬಿಳಿ, ರೋಸೆ ಆದರೆ ಎರಡು ಮೂರು ಗಂಟೆ. ಇದೊಂದು ಮಾಡಿದರೆ ಸಾಧಾರಣ ಬೆಲೆಯ ವೈನೂ ಎಷ್ಟೋ ಮೇಲು. ಗ್ಲಾಸಿನಲ್ಲಿ ಮೂರನೇ ಒಂದು ಭಾಗ ಮಾತ್ರ ಸುರಿಯಿರಿ, ಪರಿಮಳ ನಿಲ್ಲಲು ಜಾಗ ಬೇಕು.

ಉಳಿದದ್ದನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮೂರರಿಂದ ಐದು ದಿನ ಬರುತ್ತದೆ, ಕೆಂಪಾದರೂ ಅಷ್ಟೇ. ತೆರೆಯದ ಬಾಟಲಿಯನ್ನು ಅಡುಗೆಮನೆಯಲ್ಲಿ, ಬೀರುವಿನ ಮೇಲೆ ಇಡಬೇಡಿ. ಮಂಚದ ಕೆಳಗಿನ ಕತ್ತಲು, ತಂಪು ಜಾಗ ವಾಸಿ. ಕಾರ್ಕ್ ಬಿರಡೆ ಇದ್ದರೆ ಮಲಗಿಸಿಡಿ, ತಿರುಗಿಸುವ ಮುಚ್ಚಳವಾದರೆ ಹೇಗಿಟ್ಟರೂ ಸರಿ. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯಲ್ಲಿ ಫ್ರಿಜ್‌ನಲ್ಲೇ ಇಡಬೇಕು, ಬೇರೆ ದಾರಿಯಿಲ್ಲ.

ವೈನರಿಗೇ ಹೋಗಿ ರುಚಿ ನೋಡಿ ಕೊಂಡರೆ ಇನ್ನೂ ಒಳ್ಳೆಯದು. ದೊಡ್ಡಬಳ್ಳಾಪುರದ ಗ್ರೋವರ್ ಜಂಪಾ, ಚನ್ನಪಟ್ಟಣ ಹತ್ತಿರದ ಡೊಮೇನ್ ಸುಲಾ ಎರಡೂ ಬೆಂಗಳೂರಿನಿಂದ ಒಂದು ದಿನದ ದಾರಿ. ಮೊದಲೇ ಬುಕ್ ಮಾಡಿ, ಡ್ರೈವರ್ ಜೊತೆ ಹೋಗಿ. ಕೊಂಡ ಬಾಟಲಿಯನ್ನು ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನವಿಡೀ ಬಿಡಬೇಡಿ. ವೈನರಿಯ ತಂಪು ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಕಾಪಾಡಿದ್ದು ಡಿಕ್ಕಿಯ ಕಾವಿಗೆ ಹಾಳಾಗುತ್ತದೆ.

ನಾಲ್ಕನೇ ಹೆಜ್ಜೆ: ಬಿಯರ್

ಬಿಯರ್ ತಾಜಾ ಇದ್ದಾಗಲೇ ಚೆನ್ನ. ಬೆಂಗಳೂರಿನ ಅದೃಷ್ಟ ಅಂದರೆ ಇಲ್ಲಿ ಅದು ಟ್ಯಾಂಕಿನಿಂದ ನೇರ ಗ್ಲಾಸಿಗೆ ಬರುತ್ತದೆ. 2011ರಲ್ಲಿ ಲ್ಯಾವೆಲ್ ರಸ್ತೆಯ ಬಿಯೆರ್ ಕ್ಲಬ್‌ನಿಂದ ಶುರುವಾದ ಮೈಕ್ರೊಬ್ರೂವರಿಗಳ, ಅಂದರೆ ತಮ್ಮಲ್ಲೇ ಬಿಯರ್ ತಯಾರಿಸುವ ಪಬ್ಬುಗಳ ಸಾಲು ಇಂದಿರಾನಗರದ ಟಾಯ್ಟ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್, ಮ್ಯಾಗ್ರಾತ್ ರಸ್ತೆಯ ಆರ್ಬರ್ ಅಂತ ಬೆಳೆಯುತ್ತಾ ಹೋಯಿತು.

ಕೂತ ತಕ್ಷಣ ದೊಡ್ಡ ಮಗ್ ಹೇಳಬೇಡಿ. ಸ್ಯಾಂಪ್ಲರ್ ಕೇಳಿ. ನಾಲ್ಕಾರು ಬಗೆ ಸಣ್ಣ ಸಣ್ಣ ಗ್ಲಾಸಿನಲ್ಲಿ ಬರುತ್ತವೆ. ತಿಳಿಯಿಂದ ಕಪ್ಪಿಗೆ, ಮೃದುವಿನಿಂದ ಕಹಿಗೆ ಹೋಗಿ. ಐಪಿಎ ಅನ್ನುವ ಕಹಿ ಬಿಯರ್ ಮೊದಲು ಕುಡಿದರೆ ಆಮೇಲಿನದ್ದೆಲ್ಲ ನೀರು ಅನ್ನಿಸುತ್ತದೆ. ಹೆಫೆವೈಜನ್ ಅನ್ನುವ ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ಪರಿಮಳ ಬರುತ್ತದೆ. ಯಾರೂ ಅದಕ್ಕೆ ಬಾಳೆಹಣ್ಣು ಹಾಕಿರುವುದಿಲ್ಲ. ಅದು ಯೀಸ್ಟಿನ ಕೆಲಸ. ಟಾಯ್ಟ್‌ನ ಬಾಸ್ಮತಿ ಬ್ಲಾಂಡ್ ಹೆಸರೇ ಹೇಳುವಂತೆ ಅಕ್ಕಿ ಬಿಯರ್, ಹೊಸಬರಿಗೆ ಹಗುರ.

ಕೆಟ್ಟ ಬಿಯರ್ ಗುರುತಿಸಲು ಮೂಗು ಸಾಕು. ಬೆಣ್ಣೆಯ ವಾಸನೆ ಬಂದರೆ ಸರಿಯಾಗಿ ಮಾಗಿಲ್ಲ. ಬೇಯಿಸಿದ ಜೋಳದ ವಾಸನೆ ಕುದಿಸುವಾಗಿನ ತಪ್ಪಿನಿಂದ ಬರಬಹುದು. ಒದ್ದೆ ರಟ್ಟಿನ ವಾಸನೆ ಇದ್ದರೆ ಹಳತಾಗಿದೆ. ವಿನಯದಿಂದ ಹೇಳಿ, ಬೇರೆ ಗ್ಲಾಸ್ ಕೇಳಿ. ಒಳ್ಳೆಯ ಪಬ್ಬಿನವರು ಬೇಸರ ಮಾಡಿಕೊಳ್ಳುವುದಿಲ್ಲ.

ಬಾಟಲಿ ಬಿಯರ್ ಕೊಳ್ಳುವಾಗ ತಯಾರಾದ ತಾರೀಖು ನೋಡಿ, ಹೊಸದನ್ನೇ ತಗೊಳ್ಳಿ. ಬೆಳಕು ತಾಗಿದರೆ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಅಂಶ ಕೆಟ್ಟು ದುರ್ವಾಸನೆ ಬರುತ್ತದೆ. ಕಂದು ಬಾಟಲಿ ಬೆಳಕನ್ನು ತಡೆಯುತ್ತದೆ, ಹಸಿರು ಬಾಟಲಿ ಅಷ್ಟಾಗಿ ತಡೆಯುವುದಿಲ್ಲ, ಕ್ಯಾನ್ ಪೂರ್ತಿ ತಡೆಯುತ್ತದೆ. ನಿಲ್ಲಿಸಿಯೇ ಇಡಿ, ಫ್ರಿಜ್‌ನಲ್ಲಿಡಿ.

ಐದನೇ ಹೆಜ್ಜೆ: ವಿಸ್ಕಿ

ನಮ್ಮಲ್ಲಿ ವಿಸ್ಕಿ ಅಂತ ಮಾರುವುದರಲ್ಲಿ ಬಹುಪಾಲು ಕಬ್ಬಿನ ಕಾಕಂಬಿಯ ಇಲ್ಲವೇ ಧಾನ್ಯದ ಸ್ಪಿರಿಟ್‌ಗೆ ಸ್ವಲ್ಪ ಮಾಲ್ಟ್ ಬೆರೆಸಿದ್ದು. ಸಿಂಗಲ್ ಮಾಲ್ಟ್ ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಕಟ್ಟಿದ ಬಾರ್ಲಿಯಿಂದ ಮಾತ್ರ ಇಳಿಸಿ, ಮರದ ಪೀಪಾಯಿಯಲ್ಲಿ ಮಾಗಿಸಿದ್ದು. ಬೆಲೆಯ ವ್ಯತ್ಯಾಸಕ್ಕೆ ಅರ್ಥ ಇದೆ.

ಅಮೃತ್ ಡಿಸ್ಟಿಲರೀಸ್ ಅನ್ನು ರಾಧಾಕೃಷ್ಣ ಜಗದಾಳೆ 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದರು. ಅದರ ಸಿಂಗಲ್ ಮಾಲ್ಟ್ ಮೊದಲು ಬಿಡುಗಡೆಯಾದದ್ದು 2004ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ವಿಸ್ಕಿಯ ತವರಿಗೇ ಹೋಗಿ ಪರೀಕ್ಷೆಗೆ ಕೂರುವ ಆ ಧೈರ್ಯವನ್ನು ನಾನು ತುಂಬಾ ಗೌರವಿಸುತ್ತೇನೆ. ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ವಿಸ್ಕಿ ಕೈಪಿಡಿಯಲ್ಲಿ ಅಮೃತ್ ಫ್ಯೂಷನ್‌ಗೆ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟರು. ನಮ್ಮ ದೇಶದ ಬಾರ್ಲಿ, ಸ್ಕಾಟ್ಲೆಂಡಿನ ಹೊಗೆ ಹಿಡಿಸಿದ ಬಾರ್ಲಿ ಎರಡೂ ಸೇರಿದ್ದು ಅದು.

ಬಿಸಿಯ ಮಾತು ಇಲ್ಲಿ ತಿರುಗುತ್ತದೆ. ವೈನ್ ಕೆಡಿಸುವ ಅದೇ ಬಿಸಿ ವಿಸ್ಕಿಯನ್ನು ಬೇಗ ಮಾಗಿಸುತ್ತದೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾದರೆ ಬೆಂಗಳೂರಿನಲ್ಲಿ ಶೇ. 10ಕ್ಕೂ ಜಾಸ್ತಿ. ಹತ್ತು ಹನ್ನೆರಡು ವರ್ಷ ಇಟ್ಟರೆ ಪೀಪಾಯಿಯಲ್ಲಿ ಉಳಿಯುವುದೇ ಸ್ವಲ್ಪ. ನಾಲ್ಕೈದು ವರ್ಷಕ್ಕೇ ಇಲ್ಲಿನ ವಿಸ್ಕಿ ಹದಕ್ಕೆ ಬರುತ್ತದೆ. ಆದ್ದರಿಂದ ಲೇಬಲ್‌ನಲ್ಲಿ 12 ವರ್ಷ ಅಂತ ಇಲ್ಲ, ಇದು ಕಡಿಮೆ ದರ್ಜೆಯದ್ದು ಅಂದುಕೊಳ್ಳಬೇಡಿ. ಬೆಂಗಳೂರಿನದ್ದೇ ಕಂಪನಿ ಗೋವಾದಲ್ಲಿ ತಯಾರಿಸುವ ಪಾಲ್ ಜಾನ್‌ಗೂ ಇದೇ ಮಾತು.

ಕುಡಿಯುವ ಕ್ರಮ: 30 ಎಂಎಲ್ ಸುರಿಯಿರಿ. ಗ್ಲಾಸಿಗೆ ಮೂಗು ಪೂರ್ತಿ ತೂರಿಸಬೇಡಿ, ಬಾಯಿ ಸ್ವಲ್ಪ ತೆರೆದು ಮೂಸಿ. ಒಂದು ಗುಟುಕು ಹಾಗೇ. ಆಮೇಲೆ ಒಂದು ಚಮಚ ನೀರು ಹಾಕಿ ಇನ್ನೊಂದು ಗುಟುಕು. ಫ್ಯೂಷನ್ ಶೇ. 50ರದ್ದು, ಅದಕ್ಕೆ ನೀರು ಬೇಕೇ ಬೇಕು. ಸೋಡಾ, ಐಸ್ ಹಾಕಿದರೆ ಅಪಚಾರ ಏನೂ ಆಗುವುದಿಲ್ಲ, ಮೊದಲ ಎರಡು ಗುಟುಕು ಮಾತ್ರ ಹಾಗೇ ನೋಡಿ. ಬಾಟಲಿ ನಿಲ್ಲಿಸಿಡಿ, ಮಲಗಿಸಿದರೆ ಗಟ್ಟಿ ಆಲ್ಕೋಹಾಲ್ ಬಿರಡೆಯನ್ನು ತಿನ್ನುತ್ತದೆ.

ಆರನೇ ಹೆಜ್ಜೆ: ನಮ್ಮ ಊಟದ ಜೊತೆ

ಖಾರ, ಒಗರು, ಆಲ್ಕೋಹಾಲ್ ಮೂರೂ ಸೇರಿದರೆ ನಾಲಿಗೆ ಉರಿಯುತ್ತದೆ. ಕುಂದಾಪುರದ ಘೀ ರೋಸ್ಟ್ ಜೊತೆ ಗಡುಸು ಕೆಂಪು ವೈನ್ ಬೇಡ, ತಣ್ಣಗಿನ ಶೆನಿನ್ ಅಥವಾ ಗೋಧಿ ಬಿಯರ್ ಸರಿ. ಕಹಿ ಐಪಿಎ ಕೂಡ ಖಾರ ಏರಿಸುತ್ತದೆ. ಬಂಗುಡೆ ಫ್ರೈ, ಹುಣಸೆ ಹುಳಿಯ ಮೀನು ಸಾರಿಗೆ ಸಾವಿನ್ಯೊ ಬ್ಲಾಂಕ್ ಬಿಳಿ ವೈನ್, ಅದಕ್ಕೂ ಹುಳಿಯ ಗುಣ ಇದೆ. ಕೊಡಗಿನ ಪಂದಿ ಕರಿಗೆ ಶಿರಾಜ್ ಕೆಂಪು ವೈನ್. ಕರಿಮೆಣಸಿನ ಪರಿಮಳಕ್ಕೆ ಕಾರಣವಾದ ರೊಟಂಡೋನ್ ಅನ್ನುವ ಅಂಶವೇ ಶಿರಾಜ್ ದ್ರಾಕ್ಷಿಯಲ್ಲೂ ಇದೆ, ಹಾಗಾಗಿ ಎರಡೂ ಒಂದೇ ಮನೆಯವು ಅನ್ನಿಸುತ್ತದೆ. ಹುರಿದ ಕಡಲೆಕಾಯಿ, ಚಕ್ಕುಲಿ, ನಿಪ್ಪಟ್ಟಿಗೆ ಲಾಗರ್ ಬಿಯರ್. ಖಾಲಿ ಹೊಟ್ಟೆಯಲ್ಲಿ ಯಾವುದೂ ಬೇಡ. ಮೇಜಿನ ಮೇಲೆ ನೀರಿನ ಜಗ್ ಇರಲೇಬೇಕು.

ಏಳನೇ ಹೆಜ್ಜೆ: ಉಡುಗೊರೆ

ಮೊದಲು ವಿಚಾರಿಸಿ. ಅವರು ಕುಡಿಯುತ್ತಾರಾ ಅನ್ನುವುದಷ್ಟೇ ಅಲ್ಲ, ಮನೆಯಲ್ಲಿ ಇಟ್ಟುಕೊಳ್ಳುತ್ತಾರಾ ಅನ್ನುವುದೂ ಗೊತ್ತಿರಬೇಕು. ಹೊರಗೆ ಸ್ನೇಹಿತರ ಜೊತೆ ತಗೊಳ್ಳುವವರು ಅಪ್ಪ ಅಮ್ಮ ಇರುವ ಮನೆಗೆ ಬಾಟಲಿ ತರಲು ಇಷ್ಟಪಡದೇ ಇರಬಹುದು. ಶ್ರಾವಣದಲ್ಲಿ ಬಿಡುವವರಿದ್ದಾರೆ. ನವೆಂಬರ್‌ನಿಂದ ಸಂಕ್ರಾಂತಿ ತನಕ ಅಯ್ಯಪ್ಪನ ಮಾಲೆ ಹಾಕಿರುವವರಿದ್ದಾರೆ. ಗೃಹಪ್ರವೇಶಕ್ಕೆ ಬಾಟಲಿ ಒಯ್ಯುವುದು ಬೇಡವೇ ಬೇಡ, ಮುಂದಿನ ವಾರ ಬೇರೆಯಾಗಿ ಕೊಡಿ. ಬಿಟ್ಟಿದ್ದೇನೆ ಅಂದವರಿಗೆ ಒತ್ತಾಯ ಮಾಡಿ ಕೊಡುವುದಂತೂ ದೊಡ್ಡ ತಪ್ಪು. ಎಷ್ಟು ಕಷ್ಟಪಟ್ಟು ಬಿಟ್ಟಿರುತ್ತಾರೋ ನಮಗೆ ಗೊತ್ತಿರುವುದಿಲ್ಲ.

ಆರಿಸುವಾಗ ಅವರ ರುಚಿಗಿಂತ ಒಂದೇ ಮೆಟ್ಟಿಲು ಮೇಲೆ ಹೋಗಿ. ದಿನಾ ಬ್ಲೆಂಡೆಡ್ ವಿಸ್ಕಿ ಕುಡಿಯುವವರಿಗೆ ಹೊಗೆ ವಾಸನೆಯ ಮಾಲ್ಟ್ ಕೊಟ್ಟರೆ ಹಿಡಿಸದೇ ಹೋಗಬಹುದು. ಅಮೃತ್‌ನ ಸಾದಾ ಸಿಂಗಲ್ ಮಾಲ್ಟ್ ಸುರಕ್ಷಿತ. ಜಿನ್ ಇಷ್ಟಪಡುವವರಿಗೆ ಅದೇ ಕಂಪನಿಯ ನೀಲಗಿರೀಸ್ ಇದೆ. ಯಾರಿಗೆ ಏನಿಷ್ಟ ಅಂತ ಗೊತ್ತಿಲ್ಲದ ದಂಪತಿಗೆ ರೋಸೆ ಅಥವಾ ಸ್ಪಾರ್ಕ್ಲಿಂಗ್ ವೈನ್. ಜೊತೆಗೆ ಎರಡು ಒಳ್ಳೆಯ ಗ್ಲಾಸ್ ಇಟ್ಟರೆ ಅದು ಬಾಟಲಿಗಿಂತ ಹೆಚ್ಚು ದಿನ ಇರುತ್ತದೆ. ಒಂದು ಚೀಟಿ ಬರೆಯಿರಿ: ಎಲ್ಲಿಯದ್ದು, ಎಷ್ಟು ತಣ್ಣಗೆ ಮಾಡಬೇಕು, ಏನು ತಿನ್ನಬಹುದು. ಬೆಲೆ ಚೀಟಿ ಕಿತ್ತುಹಾಕಿ.

ಎಂಟನೇ ಹೆಜ್ಜೆ: ಊರಾಚೆ, ದೇಶದಾಚೆ

ಕೊರಿಯರ್‌ನಲ್ಲಿ ಕಳಿಸಬೇಡಿ. ಗುಜರಾತ್, ಬಿಹಾರಕ್ಕೆ ಒಯ್ಯಬೇಡಿ, ಅಲ್ಲಿ ಪಾನನಿಷೇಧ ಇದೆ. ಗೋವಾದಲ್ಲಿ ಅಗ್ಗ ಅಂತ ಡಿಕ್ಕಿ ತುಂಬಿಕೊಂಡು ಬಂದರೆ ಗಡಿಯ ಚೆಕ್‌ಪೋಸ್ಟ್‌ನಲ್ಲಿ ಸಿಕ್ಕಿಬೀಳುತ್ತೀರಿ, ಅದಕ್ಕೆ ಕರ್ನಾಟಕದ ಸುಂಕ ಕಟ್ಟಿರುವುದಿಲ್ಲ.

ವಿಮಾನದಲ್ಲಿ ಚೆಕ್-ಇನ್ ಲಗೇಜಿನಲ್ಲಿ ಶೇ. 24ರಿಂದ 70ರ ಮದ್ಯ ಒಬ್ಬರಿಗೆ 5 ಲೀಟರ್ ತನಕ, ಸೀಲ್ ಒಡೆಯದ ಬಾಟಲಿಯಲ್ಲಿ ಮಾತ್ರ. ಅದಕ್ಕಿಂತ ಗಟ್ಟಿಯಾದದ್ದು ಬೇಡ. ವಿದೇಶದಿಂದ ಬರುವಾಗ ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್. ಅಮೆರಿಕದಲ್ಲಿರುವ ಮಗಳು ಅಳಿಯನಿಗೆ ಒಯ್ಯುವುದಾದರೆ ಅಲ್ಲಿ ಸುಂಕರಹಿತ ಮಿತಿ ಸಾಮಾನ್ಯವಾಗಿ 1 ಲೀಟರ್, ಬ್ರಿಟನ್‌ನಲ್ಲಾದರೆ ಸ್ಪಿರಿಟ್ 4 ಲೀಟರ್. ಬೆಂಗಳೂರು ಡ್ಯೂಟಿ ಫ್ರೀಯಲ್ಲಿ ಕೊಂಡರೆ ಸೀಲ್ ಮಾಡಿದ ಚೀಲವನ್ನು ಮನೆ ಮುಟ್ಟುವ ತನಕ ಬಿಚ್ಚಬೇಡಿ. ಅಮೆರಿಕದೊಳಗೆ ಇನ್ನೊಂದು ವಿಮಾನ ಹತ್ತುವುದಿದ್ದರೆ ಮೊದಲ ನಿಲ್ದಾಣದಲ್ಲಿ ಲಗೇಜ್ ಕೈಗೆ ಸಿಕ್ಕಾಗ ಬಾಟಲಿಯನ್ನು ಸೂಟ್‌ಕೇಸ್‌ಗೆ ಸೇರಿಸಿಬಿಡಿ.

ಪ್ಯಾಕ್ ಮಾಡುವಾಗ ಬಾಟಲಿಯನ್ನು ಮೊದಲು ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ, ದಪ್ಪ ಟವೆಲ್‌ನಲ್ಲಿ ಸುತ್ತಿ, ಸೂಟ್‌ಕೇಸಿನ ನಡುವೆ ಬಟ್ಟೆಗಳ ಮಧ್ಯೆ ಇಡಿ. ಅಂಚಿಗೆ, ಚಕ್ರದ ಕಡೆಗೆ ಬೇಡ. ಎರಡು ಬಾಟಲಿ ಇದ್ದರೆ ಒಂದಕ್ಕೊಂದು ತಾಗದಂತೆ ನಡುವೆ ಜೀನ್ಸ್ ತುಂಬಿ. ಚಟ್ನಿಪುಡಿ, ಹಪ್ಪಳ ಬೇರೆ ಸೂಟ್‌ಕೇಸಿಗೆ ಹೋಗಲಿ.